ಚಕ್ರದ ಮನೆಗೆ ಹೇಮಂತದ ಸಿದ್ಧತೆ

ಗೃಹಸ್ಥನಾದವನು ಮನೆಯನ್ನು ಕಟ್ಟಿದರೆ ಸಾಲದು. ಋತುವಿಗೆ ತಕ್ಕಂತೆ ಅದನ್ನು ಕಾಪಾಡಿಕೊಳ್ಳಲೂ ಬಲ್ಲವನಾಗಿರಬೇಕು. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವುದು, ಬೇಸಗೆಯಲ್ಲಿ ಬಾವಿಯ ಹೂಳು ತೆಗೆಸುವುದು, ಇವೆಲ್ಲ ನಮ್ಮ ಹಿರಿಯರು ಯಾರೂ ಹೇಳದೆಯೇ ಮಾಡುತ್ತಿದ್ದ ಕೆಲಸಗಳು. ವಾಗ್ಭಟನು ತನ್ನ ‘ಅಷ್ಟಾಂಗಹೃದಯ’ದಲ್ಲಿ ಋತುಚರ್ಯೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು. ಅದು ಶರೀರಕ್ಕೆ ಹೇಳಿದ್ದು. ಆದರೆ ಮನೆಗೂ ವಾಹನಕ್ಕೂ ತಮ್ಮ ತಮ್ಮ ಋತುಚರ್ಯೆ ಉಂಟೆಂಬುದನ್ನು ಅನುಭವಸ್ಥರು ಬಲ್ಲರು. ಮನೆಯೂ ವಾಹನವೂ ಒಂದೇ ಆಗಿರುವ ಒಂದು ವಸ್ತುವಿನ ಋತುಚರ್ಯೆಯನ್ನು ಈ ತಿಂಗಳು ವಾಚಕರ ಮುಂದಿಡಲು ಬಯಸುತ್ತೇವೆ.

ಉತ್ತರ ಅಮೆರಿಕದಲ್ಲಿ ಇದನ್ನು ಕ್ಯಾಂಪರ್ ಎನ್ನುವರು. ಮೋಟಾರು ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಬಗೆಯೂ ಉಂಟು, ಸ್ವಂತ ಎಂಜಿನ್ನಿನಿಂದ ಓಡುವ ಬಗೆಯೂ ಉಂಟು. ಒಳಗೆ ಹಾಸಿಗೆ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಸ್ನಾನದ ಮೂಲೆ, ಶೌಚದ ಪೀಠ, ಎಲ್ಲವೂ ಅಡಕವಾಗಿರುವುವು. ಮಿಶಿಗನ್, ಇಲಿನಾಯ್, ಮಿನಿಸೋಟ, ಕೆನಡದ ಆಂಟೇರಿಯೋ ಮುಂತಾದ ಕಡೆಗಳಲ್ಲಿ ನೆಲಸಿರುವ ನಮ್ಮ ಕನ್ನಡದ ಮಕ್ಕಳಲ್ಲಿಯೂ ಕೆಲವರು ಇಂತಹ ಚಕ್ರದ ಮನೆಯನ್ನು ಕೊಂಡು, ಬೇಸಗೆಯ ರಜೆಯಲ್ಲಿ ಮಹಾಸರೋವರಗಳ ದಡಕ್ಕೋ ಅರಣ್ಯಗಳಿಗೋ ಸಂಸಾರಸಮೇತ ಹೋಗಿಬರುವುದುಂಟು. ಇಲ್ಲಿಂದ ಹೋದ ತಾಯಿತಂದೆಗಳಿಗೆ ಅದರಿಂದ ಆಗುವ ಅನುಕೂಲವು ಅಷ್ಟಿಷ್ಟಲ್ಲ. ತಮ್ಮ ಒಲೆಯಲ್ಲಿ ತಮ್ಮ ಸಾರು ಕಾಯುತ್ತದೆ; ರಾತ್ರಿ ಏಳಬೇಕಾದ ವೃದ್ಧರಿಗೆ ಬಚ್ಚಲು ನಾಲ್ಕು ಹೆಜ್ಜೆಯಲ್ಲಿದೆ.

ಈ ಅನುಕೂಲವು ಮೊದಲಿನಿಂದ ಇದ್ದುದಲ್ಲ. ೧೯೧೯ರಲ್ಲಿ ಫ್ಲಾರಿಡಾ ಸಂಸ್ಥಾನದ ಟ್ಯಾಂಪಾ ನಗರದಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಪ್ರವಾಸಿಗಳ ಸಂಘವು ಹುಟ್ಟಿದಾಗ, ಹೀಗೆ ಮೋಟಾರಿನಲ್ಲಿ ಊರೂರು ಸುತ್ತುವವರು ನೀರನ್ನು ಡಬ್ಬಗಳಲ್ಲಿ ಹೊತ್ತು ಸಾಗುತ್ತಿದ್ದರು. ೧೯೩೬ರಲ್ಲಿ ಏರ್‌ಸ್ಟ್ರೀಮ್ ಕಂಪನಿಯು ಹೊರತಂದ ‘ಕ್ಲಿಪ್ಪರ್’ ಎಂಬ ಅಲ್ಯೂಮಿನಿಯಮ್ಮಿನ ಗಾಡಿಯಲ್ಲಿ ನಾಲ್ವರು ಮಲಗುವಷ್ಟು ಜಾಗವೂ ಅದರದೇ ಆದ ನೀರಿನ ಸರಬರಾಯಿಯೂ ಇದ್ದುವು. ಡಬ್ಬದ ನೀರನ್ನು ಚೆಲ್ಲಿ ಕವುಚಿಟ್ಟರೆ ಚಳಿಗಾಲದ ಚಿಂತೆ ತೀರಿತು. ಗೋಡೆಯೊಳಗೆ ಕೊಳವೆಗಳು ಬಂದ ಮೇಲೆ ಮಾತ್ರ, ಕಣ್ಣಿಗೆ ಕಾಣದ ನೀರನ್ನು ಹೊರಗೆ ತೆಗೆಯುವ ಹೊಣೆಯೂ ಅವುಗಳೊಡನೆಯೇ ಬಂದಿತು.

ನೀರಿನ ಸ್ವಭಾವವನ್ನು ಸ್ವಲ್ಪ ವಿಚಾರಿಸೋಣ. ಸಾಮಾನ್ಯವಾಗಿ ಪದಾರ್ಥಗಳು ತಣ್ಣಗಾದಂತೆಲ್ಲ ಕುಗ್ಗುವುವು. ನೀರೂ ಸುಮಾರು ೪ ಡಿಗ್ರಿ ಸೆಂಟಿಗ್ರೇಡಿನವರೆಗೆ ಹಾಗೆಯೇ ಕುಗ್ಗುತ್ತ ಬಂದು, ಅಲ್ಲಿಂದ ಮುಂದೆ ಹಿಗ್ಗಲು ತೊಡಗುವುದು. ಶೂನ್ಯ ಡಿಗ್ರಿಯಲ್ಲಿ, ಅಂದರೆ ಫ್ಯಾರನ್‌ಹೀಟಿನ ೩೨ರಲ್ಲಿ, ಗಡ್ಡೆ ಕಟ್ಟುವಾಗ ನೂರು ಬಟ್ಟಲು ನೀರು ಸುಮಾರು ನೂರ ಒಂಬತ್ತು ಬಟ್ಟಲಿನಷ್ಟು ಸ್ಥಳವನ್ನು ಬೇಡುವುದು. ತೆರೆದ ಪಾತ್ರೆಯಲ್ಲಾದರೆ ಮೇಲಕ್ಕೆ ಉಬ್ಬೀತು. ಕೊಳವೆಯಲ್ಲಿ ನಡೆಯುವುದೇ ಬೇರೆ. ಮಧ್ಯದಲ್ಲೆಲ್ಲಿಯೋ ಒಂದು ಕಡೆ ಗಡ್ಡೆ ಕಟ್ಟಿಕೊಂಡು, ಅದು ಬೆಳೆಯುತ್ತ, ತನಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರನ್ನು ಒತ್ತತೊಡಗುವುದು. ಆ ನೀರಿಗೆ ಹೋಗಲು ದಾರಿಯಿಲ್ಲ. ಒತ್ತಡವೇರಿ ಎಲ್ಲಿ ದುರ್ಬಲವೋ ಅಲ್ಲಿ ಬಿರಿಯುವುದು. ಈಗಿನ ಕ್ಯಾಂಪರುಗಳಲ್ಲಿರುವ ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನ ಕೊಳವೆಯು ಸ್ವಲ್ಪಮಟ್ಟಿಗೆ ಹಿಗ್ಗಿ ತಾಳಿಕೊಂಡರೂ, ಅದರ ಜೋಡಣೆಗಳು, ಪಂಪಿನ ತಲೆ, ನಲ್ಲಿಯ ಒಳಭಾಗ, ಶೌಚಪೀಠದ ನೀರಿನ ವಾಲ್ವು, ಇವು ತಾಳಲಾರವು.

ಇದರಲ್ಲಿ ಒಂದು ವಂಚನೆಯುಂಟು. ಒಡೆದ ಕೊಳವೆಗೆ ಒಡೆದ ಗಡ್ಡೆಯೇ ಬಿರಡೆಯಾಗಿ ನಿಲ್ಲುವುದರಿಂದ ಚಳಿಗಾಲವೆಲ್ಲ ಒಂದು ತೊಟ್ಟೂ ಸೋರುವುದಿಲ್ಲ. ಗಡ್ಡೆ ಕರಗಿದ ಮೇಲೂ, ಒಳಗಿದ್ದ ಅಷ್ಟಿಷ್ಟು ನೀರು ಸದ್ದಿಲ್ಲದೆ ಇಂಗಿಹೋಗುವುದು. ವಸಂತದಲ್ಲಿ ಯಜಮಾನನು ಸಂತೋಷದಿಂದ ನೀರು ತುಂಬಿ ಪಂಪನ್ನು ಚಾಲೂ ಮಾಡಿದಾಗಲೇ ನಿಜಸ್ಥಿತಿ ಬಯಲಾಗುವುದು. ಗೋಡೆಯ ಹಲಗೆಯ ಹಿಂದೆ ಸೋರಿದ ನೀರು ಕೆಲವು ದಿನ ಯಾರಿಗೂ ಕಾಣದು. ಕಾಣುವ ವೇಳೆಗೆ ಮರವು ಊದಿ ನೆಲವು ಮೆತ್ತಗಾಗಿರುವುದು. ಹಿಮದಿಂದಾದ ಇಂತಹ ನಷ್ಟವನ್ನು ತುಂಬಿಕೊಡುವುದಿಲ್ಲವೆಂಬ ಷರತ್ತು ಅನೇಕ ವಿಮಾಪತ್ರಗಳಲ್ಲಿ ಇರುವುದೆಂಬುದನ್ನೂ ನೆನಪಿಡಬೇಕು.

ನಾವು ಮಿಶಿಗನ್ನಿನಲ್ಲಿರುವ ಮಗನ ಮನೆಯಲ್ಲಿ ಎರಡು ಶರತ್ಕಾಲಗಳನ್ನು ಕಳೆದೆವು. ಅಲ್ಲಿ ನೆರೆಯಲ್ಲಿದ್ದ ಒಂದು ಕನ್ನಡ ಸಂಸಾರದವರು ನಾಲ್ಕು ವರ್ಷ ಹಣ ಕೂಡಿಟ್ಟು ಹಳೆಯ ಕ್ಯಾಂಪರೊಂದನ್ನು ಕೊಂಡಿದ್ದರು. ಮರುವರ್ಷದ ಜೂನ್ ತಿಂಗಳಿನಲ್ಲಿ ಹಾಸನದ ಕಡೆಯಿಂದ ತಂದೆಯವರು ಬರುವವರಿದ್ದರು. ಅವರಿಗೆ ಸುಪೀರಿಯರ್ ಸರೋವರವನ್ನು ತೋರಿಸಬೇಕೆಂಬುದು ಮಗನ ಹಂಬಲ. ಅಕ್ಟೋಬರಿನಲ್ಲಿ ಎಲ್ಲ ಕೊಳವೆಗಳನ್ನೂ ಬರಿದುಮಾಡಿ, ಗಾಡಿಯ ಹೊರಮೈಯಲ್ಲಿ ಸಣ್ಣ ಬಾಗಿಲ ಹಿಂದೆ ಇದ್ದ ಕಾಲು ತೊಳೆಯುವ ನಲ್ಲಿಯೊಂದನ್ನು ಮಾತ್ರ ಮರೆತರು. ಮೇ ತಿಂಗಳಿನಲ್ಲಿ ನೀರು ಬಿಟ್ಟಾಗ ಆ ಮೂಲೆಯ ಗೋಡೆಯೂ ನೆಲವೂ ನೆನೆದು ಹಾಳಾದುವು. ರಿಪೇರಿ ಮುಗಿಯುವಷ್ಟರಲ್ಲಿ ತಂದೆಯವರು ಊರಿಗೆ ಹಿಂತಿರುಗುವ ಕಾಲ ಬಂದಿತ್ತು. ಮುಂದಿನ ವರ್ಷ ಅವರ ಆರೋಗ್ಯವು ಅಷ್ಟು ದೂರದ ಪ್ರಯಾಣಕ್ಕೆ ಒಪ್ಪಲಿಲ್ಲ. ನಷ್ಟವಾದ ಡಾಲರುಗಳ ಲೆಕ್ಕವನ್ನು ಆ ಗೃಹಸ್ಥರು ಎಂದೂ ನಮ್ಮೆದುರಿಗೆ ಆಡಿದವರಲ್ಲ. ಅಪ್ಪನಿಗೆ ಸರೋವರ ತೋರಿಸಲಾಗಲಿಲ್ಲವೆಂಬುದನ್ನು ಮಾತ್ರ ಎರಡು ಮೂರು ಬಾರಿ ಹೇಳಿದರು. ಆದುದರಿಂದಲೇ ನಮ್ಮ ಮಗನು ಈ ಕೆಲಸವನ್ನು ಕೈಗೊಂಡಾಗ, ಪಟ್ಟಿಯನ್ನು ಹಿಡಿದು ಒಂದೊಂದಾಗಿ ಗಟ್ಟಿಯಾಗಿ ಓದುವ ಹೊಣೆಯನ್ನು ನಾವು ವಹಿಸಿಕೊಂಡೆವು. ಆ ಪಟ್ಟಿಯ ಸಾರವೇ ಮುಂದಿನದು.

ಕಾಲದ ವಿಷಯ ಮೊದಲು. ಮಹಾಸರೋವರಗಳ ಸೀಮೆಯಲ್ಲಿ ಅಕ್ಟೋಬರ್ ತಿಂಗಳೊಳಗೆ ಈ ಕೆಲಸ ಮುಗಿಯಬೇಕು. ಇನ್ನೂ ಉತ್ತರಕ್ಕೆ ಇನ್ನೂ ಮುಂಚೆ. ಮಿನಿಸೋಟದ ಟವರ್ ಎಂಬ ಊರಿನಲ್ಲಿ ೧೯೯೬ರ ಫೆಬ್ರವರಿ ೨ರಂದು ಸೊನ್ನೆಗಿಂತ ೬೦ ಫ್ಯಾರನ್‌ಹೀಟ್ ಡಿಗ್ರಿ ಕೆಳಗೆ, ಅಂದರೆ ಸೆಂಟಿಗ್ರೇಡಿನ ಮೈನಸ್ ೫೧ರಷ್ಟು, ಚಳಿ ದಾಖಲಾಗಿದೆ. ದಕ್ಷಿಣದವರು ತಮಗಿದು ಬೇಡವೆಂದು ಸುಮ್ಮನಿರಕೂಡದು. ೨೦೨೧ರ ಫೆಬ್ರವರಿಯಲ್ಲಿ ಟೆಕ್ಸಸ್ ಸಂಸ್ಥಾನವನ್ನು ಕವಿದ ಶೀತದಲ್ಲಿ ಲಕ್ಷಾಂತರ ಮನೆಗಳಿಗೆ ವಿದ್ಯುತ್ತು ನಿಂತು, ಎಲ್ಲೆಲ್ಲಿಯೂ ಕೊಳವೆಗಳು ಒಡೆದುವು. ಇನ್ನೂರಕ್ಕೂ ಮಿಕ್ಕಿ ಜನರು ಪ್ರಾಣ ಬಿಟ್ಟರು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ನಗರಗಳಲ್ಲಿ ನಮ್ಮವರು ಬಹು ಮಂದಿ ಇರುವರು.

ಮೊದಲನೆಯದು ತೊಟ್ಟಿಗಳು. ಕ್ಯಾಂಪರಿನಲ್ಲಿ ಸಾಮಾನ್ಯವಾಗಿ ಮೂರು ತೊಟ್ಟಿಗಳು: ಶುದ್ಧ ನೀರಿನದು, ಬಚ್ಚಲ ನೀರಿನದು, ಶೌಚದ್ದು. ಹೊಲಸನ್ನು ಅದಕ್ಕಾಗಿಯೇ ಗೊತ್ತುಮಾಡಿದ ಸ್ಥಳದಲ್ಲಿ ಮಾತ್ರ ಖಾಲಿ ಮಾಡತಕ್ಕದ್ದು. ಮೊದಲು ಶೌಚದ ತೊಟ್ಟಿ, ಅನಂತರ ಬಚ್ಚಲಿನದು. ಹೀಗೆ ಮಾಡಿದರೆ ಸೋಪಿನ ನೀರೇ ಕೊಳವೆಯನ್ನು ತೊಳೆದುಬಿಡುವುದು. ಎರಡನ್ನೂ ಚೆನ್ನಾಗಿ ತೊಳೆದು, ಶುದ್ಧ ನೀರಿನ ತೊಟ್ಟಿಯ ಬಿರಡೆಯನ್ನೂ ತೆರೆದಿಡಬೇಕು.

ಎರಡನೆಯದು ನೀರು ಕಾಯುವ ಹಂಡೆ. ಇಲ್ಲಿ ಅವಸರ ಸಲ್ಲದು. ಅನಿಲವನ್ನೂ ವಿದ್ಯುತ್ತನ್ನೂ ಹಿಂದಿನ ಸಂಜೆಯೇ ನಿಲ್ಲಿಸಿ, ರಾತ್ರಿಯೆಲ್ಲ ತಣಿಯಲು ಬಿಡುವುದು ಉತ್ತಮ. ಬೆಳಗ್ಗೆ ಪಂಪನ್ನು ನಿಲ್ಲಿಸಿ, ಹೊರಗಿನ ನೀರಿನ ಸಂಬಂಧವನ್ನು ತೆಗೆದು, ಬಿಸಿನೀರಿನ ನಲ್ಲಿಯೊಂದನ್ನು ತೆರೆದು ಒತ್ತಡವನ್ನು ಕಳೆದ ಮೇಲೆಯೇ ಹಂಡೆಯ ಬಿರಡೆಗೆ ಕೈಹಾಕಬೇಕು. ಬಿಸಿಯಿರುವಾಗ ಬಿಚ್ಚಿದವನ ಮುಖಕ್ಕೂ ಕೈಗೂ ಕುದಿನೀರು ಚಿಮ್ಮಿ ಸುಡುವ ಭಯವುಂಟು. ಉಕ್ಕಿನ ಹಂಡೆಯಾದರೆ ಬಿರಡೆಯೊಡನೆ ಒಂದು ಲೋಹದ ಸರಳು ಹೊರಬರುವುದು. ಹಂಡೆಗೆ ಹಿಡಿಯಬೇಕಾದ ತುಕ್ಕನ್ನು ಅದು ತನ್ನ ಮೇಲೆ ಎಳೆದುಕೊಂಡು, ತಾನು ಸವೆದು ಹಂಡೆಯನ್ನು ಉಳಿಸುವುದು. ಮುಕ್ಕಾಲು ಪಾಲು ಸವೆದಿದ್ದರೆ ಹೊಸದನ್ನು ಹಾಕತಕ್ಕದ್ದು. ಅಲ್ಯೂಮಿನಿಯಮ್ಮಿನ ಹಂಡೆಗೆ ಸಾಮಾನ್ಯವಾಗಿ ಈ ಸರಳಿರುವುದಿಲ್ಲ. ನೀರಿಳಿದ ಮೇಲೆ ತಳದ ಮಡ್ಡಿಯನ್ನು ತೊಳೆದು, ‘ಹಂಡೆ ಖಾಲಿ’ ಎಂದು ಬರೆದ ಚೀಟಿಯನ್ನು ಅದರ ಸ್ವಿಚ್ಚಿನ ಮೇಲೆ ಅಂಟಿಸಬೇಕು. ನೀರಿಲ್ಲದ ಹಂಡೆಗೆ ವಿದ್ಯುತ್ತು ಹರಿಸಿದರೆ ಕಾಯಿಸುವ ತಂತಿಯು ಸುಟ್ಟುಹೋಗುವುದು.

ಮೂರನೆಯದು ಕೊಳವೆಗಳು. ಗಾಡಿಯ ತಳದಲ್ಲಿ ಅತ್ಯಂತ ತಗ್ಗಿನ ಸ್ಥಳದಲ್ಲಿ ಬಿಸಿನೀರಿಗೊಂದು, ತಣ್ಣೀರಿಗೊಂದು, ಹೀಗೆ ಎರಡು ಬಿರಡೆಗಳು ಇರುವುವು. ಅವನ್ನು ತೆರೆದು, ಒಳಗಿನ ಎಲ್ಲ ನಲ್ಲಿಗಳನ್ನೂ ಬಿಚ್ಚಿ, ಶೌಚಪೀಠದ ಮೆಟ್ಟನ್ನು ಅದುಮಿದರೆ ಗಾಳಿ ಒಳಹೊಕ್ಕು ನೀರು ತಾನಾಗಿ ಇಳಿಯುವುದು. ಪಂಪನ್ನು ಸ್ವಲ್ಪ ಹೊತ್ತು ಓಡಿಸಿ ಉಳಿದುದನ್ನು ತಳ್ಳಬಹುದು; ನೀರು ನಿಂತೊಡನೆ ಪಂಪನ್ನೂ ನಿಲ್ಲಿಸಬೇಕು. ನೀರು ಸೋಸುವ ಫಿಲ್ಟರಿದ್ದರೆ ಅದನ್ನು ಈಗಲೇ ತೆಗೆದುಹಾಕತಕ್ಕದ್ದು.

ಇಷ್ಟಾದರೂ ತಗ್ಗುಗಳಲ್ಲಿ ನೀರು ನಿಂತಿರುವುದು. ಅದನ್ನು ತೆಗೆಯಲು ಎರಡು ಮಾರ್ಗಗಳು. ಒಂದು ವಾಯುಮಾರ್ಗ: ಹೊರಗಿನ ನೀರು ಸೇರುವ ಬಾಯಿಗೆ ಗಾಳಿಯ ಯಂತ್ರವನ್ನು ಜೋಡಿಸಿ ಊದುವುದು. ಒತ್ತಡವು ಚದರಂಗುಲಕ್ಕೆ ೩೦ರಿಂದ ೫೦ ಪೌಂಡುಗಳೊಳಗೆ ಇರಬೇಕು, ಮೀರಕೂಡದು. ಒಂದಾದ ಮೇಲೊಂದರಂತೆ ನಲ್ಲಿಗಳನ್ನು ತೆರೆದು, ತುಂತುರು ನಿಂತು ಬರಿಯ ಗಾಳಿ ಬರುವವರೆಗೆ ಊದಬೇಕು. ಎಲ್ಲ ನಲ್ಲಿಗಳನ್ನೂ ಮುಚ್ಚಿ ಊದುವುದು ಅಪಾಯಕರ. ಆದರೆ ಗಾಳಿಯು ಪಂಪಿನೊಳಗಿನ ನೀರನ್ನೂ, ಬಚ್ಚಲ ಕೆಳಗಿನ ಬಾಗುಕೊಳವೆಯ ನೀರನ್ನೂ ಪೂರ್ತಿಯಾಗಿ ತೆಗೆಯಲಾರದು. ಆದಕಾರಣ ಕಡುಚಳಿಯ ಸೀಮೆಯಲ್ಲಿ ಎರಡನೆಯ ಮಾರ್ಗವನ್ನೇ, ಅಥವಾ ಎರಡನ್ನೂ ಕೂಡಿಸಿ, ಅನುಸರಿಸುವರು.

ಆ ಎರಡನೆಯದು ಹೆಪ್ಪುಗಟ್ಟದ ದ್ರವದ ಮಾರ್ಗ. ಆಂಟಿಫ್ರೀಜ್ ಎಂದು ಅಂಗಡಿಗಳಲ್ಲಿ ದೊರೆಯುವ ಈ ದ್ರವಗಳಲ್ಲಿ ಎರಡು ಜಾತಿಗಳಿದ್ದು, ಅವುಗಳ ಭೇದವನ್ನು ತಿಳಿಯದವನು ಈ ಕೆಲಸಕ್ಕೆ ಕೈಹಾಕಲೇಬಾರದು. ಕ್ಯಾಂಪರಿನ ಕೊಳವೆಗಳಿಗೆ ಯೋಗ್ಯವಾದುದು ಪ್ರೊಪಿಲೀನ್ ಗ್ಲೈಕಾಲ್ ಎಂಬುದರಿಂದ ಮಾಡಿದ್ದು. ಸಾಮಾನ್ಯವಾಗಿ ಗುಲಾಬಿ ಬಣ್ಣದ್ದು. ಮೋಟಾರಿನ ಎಂಜಿನ್ನಿಗೆ ಹಾಕುವುದು ಬಹುಮಟ್ಟಿಗೆ ಎಥಿಲೀನ್ ಗ್ಲೈಕಾಲ್; ಅದು ವಿಷ. ನಾಲಗೆಗೆ ಸಿಹಿಯಾಗಿರುವುದರಿಂದ ಮಕ್ಕಳೂ ಸಾಕುನಾಯಿಗಳೂ ಅದನ್ನು ನೆಕ್ಕುವ ಭಯವುಂಟು. ದೇಹವನ್ನು ಹೊಕ್ಕರೆ ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣಕ್ಕೇ ಎರವಾಗುವುದು. ಕುಡಿಯುವ ನೀರಿನ ಕೊಳವೆಗೆ ಅದನ್ನು ಎಂದಿಗೂ ಹಾಕಕೂಡದು. ಬಣ್ಣವನ್ನು ನಂಬದೆ ಡಬ್ಬದ ಮೇಲಿನ ಹೆಸರನ್ನು ಓದಿಯೇ ಕೊಳ್ಳತಕ್ಕದ್ದು. ಗುಲಾಬಿ ಬಣ್ಣದ್ದರಲ್ಲಿಯೂ ಮದ್ಯಸಾರ ಬೆರಸಿದ ಅಗ್ಗದ ಬಗೆಯೊಂದುಂಟು. ಅದು ಬೆಂಕಿ ಹಿಡಿಯುವಂತಹದು, ರಬ್ಬರಿನ ಬಿಲ್ಲೆಗಳನ್ನು ಒಣಗಿಸುವಂತಹದು. ಒಂದೆರಡು ಡಾಲರ್ ಹೆಚ್ಚಾದರೂ ಶುದ್ಧವಾದುದನ್ನೇ ಆರಿಸಬೇಕು.

ಡಬ್ಬದ ಮೇಲೆ ಮೈನಸ್ ೫೦ ಫ್ಯಾರನ್‌ಹೀಟ್ ಎಂದು ಬರೆದಿರುವುದನ್ನೂ ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಅಲ್ಲಿಯವರೆಗೂ ಅದು ನೀರಾಗಿಯೇ ಇರುವುದೆಂದು ಇದರ ಅರ್ಥವಲ್ಲ. ಅದಕ್ಕೆ ಬಹಳ ಮುಂಚೆಯೇ ಅದು ಅಂಬಲಿಯಂತೆ ಮಂದವಾಗುವುದು. ಆದರೆ ನೀರಿನಂತೆ ಕಲ್ಲಾಗಿ ಕೊಳವೆಯನ್ನು ಸೀಳುವುದಿಲ್ಲ. ಕೊಳವೆಯಲ್ಲಿ ಹಳೆಯ ನೀರು ಉಳಿದಿದ್ದರೆ ದ್ರವವು ತೆಳುವಾಗಿ ಈ ಶಕ್ತಿಯು ಕುಗ್ಗುವುದರಿಂದಲೇ, ಮೊದಲು ನೀರಿಳಿಸುವ ಇಷ್ಟೆಲ್ಲ ಪ್ರಯಾಸ. ಕೊಂಡು ತಂದ ದ್ರವಕ್ಕೆ ನೀರು ಬೆರಸಲೂಕೂಡದು.

ದ್ರವವನ್ನು ಹರಿಸುವ ಮುನ್ನ ಹಂಡೆಯನ್ನು ಮಾರ್ಗದಿಂದ ಬಿಡಿಸಬೇಕು. ಹಂಡೆಯ ಹಿಂಬದಿಯಲ್ಲಿ ಒಂದೋ ಎರಡೋ ಮೂರೋ ವಾಲ್ವುಗಳಿರುವುವು. ಮೂರಿದ್ದರೆ ತಣ್ಣೀರು ಒಳಹೋಗುವುದನ್ನೂ ಬಿಸಿನೀರು ಹೊರಬರುವುದನ್ನೂ ಮುಚ್ಚಿ, ನಡುವಿನದನ್ನು ತೆರೆಯತಕ್ಕದ್ದು. ಆಗ ದ್ರವವು ಹಂಡೆಯನ್ನು ಬಳಸಿಕೊಂಡು ಹೋಗುವುದು. ಇದನ್ನು ಮರೆತರೆ ಆರು ಗ್ಯಾಲನ್ನಿನ ಹಂಡೆಯು ತುಂಬುವ ತನಕ ಬಿಸಿನೀರಿನ ನಲ್ಲಿಯಲ್ಲಿ ಬಣ್ಣವೇ ಕಾಣಿಸದು. ಮರೆಯದಿದ್ದರೆ ಇಡೀ ಗಾಡಿಗೆ ಎರಡು ಮೂರು ಗ್ಯಾಲನ್, ಅಂದರೆ ಸುಮಾರು ಏಳೂವರೆಯಿಂದ ಹನ್ನೊಂದೂವರೆ ಲೀಟರು, ಸಾಮಾನ್ಯವಾಗಿ ಸಾಕಾಗುವುದು.

ಅನಂತರ ತಗ್ಗಿನ ಬಿರಡೆಗಳನ್ನೂ ನಲ್ಲಿಗಳನ್ನೂ ಮುಚ್ಚಿ, ಪಂಪು ನೀರೆಳೆಯುವ ಕಡೆಯ ಕೊಳವೆಯನ್ನು ದ್ರವದ ಡಬ್ಬದಲ್ಲಿ ಇಳಿಬಿಟ್ಟು, ಪಂಪನ್ನು ಚಾಲೂ ಮಾಡುವುದು. ಪಂಪಿಗೆ ಹತ್ತಿರದ ನಲ್ಲಿಯಿಂದ ಆರಂಭಿಸಿ ದೂರದ್ದಕ್ಕೆ ಸಾಗಬೇಕು. ಪ್ರತಿಯೊಂದರಲ್ಲಿಯೂ ಬಿಸಿಯದನ್ನೂ ತಣ್ಣನೆಯದನ್ನೂ ಬೇರೆ ಬೇರೆಯಾಗಿ ತೆರೆದು, ಗುಲಾಬಿ ಬಣ್ಣವು ಅಚ್ಚಾಗಿ ಬರುವವರೆಗೆ ಬಿಡಬೇಕು. ಅಡಿಗೆಯ ತೊಟ್ಟಿ, ಕೈತೊಳೆಯುವ ತೊಟ್ಟಿ, ಸ್ನಾನದ ಜಾಲರಿ, ಶೌಚಪೀಠ, ಇವು ಎಲ್ಲರಿಗೂ ನೆನಪಿರುವುವು. ಮರೆಯುವುವು ಬೇರೆ: ಹೊರಮೈಯ ನಲ್ಲಿ, ಬಟ್ಟೆ ಒಗೆಯುವ ಯಂತ್ರ, ಶೀತಪೆಟ್ಟಿಗೆಯಲ್ಲಿ ಮಂಜುಗಡ್ಡೆ ಮಾಡುವ ಭಾಗಕ್ಕೆ ಹೋಗುವ ಸಣ್ಣ ಕೊಳವೆ, ಮತ್ತು ಹೊರಗಿನ ನೀರನ್ನು ಜೋಡಿಸುವ ಬಾಯಿ. ಈ ಕೊನೆಯದರಲ್ಲಿ ಪಂಪನ್ನು ನಿಲ್ಲಿಸಿ, ಒಂದು ನಲ್ಲಿಯಿಂದ ಒತ್ತಡವನ್ನು ಇಳಿಸಿ, ಜಾಲರಿಯನ್ನು ತೆಗೆದು, ಒಳಗಿನ ಪುಟ್ಟ ವಾಲ್ವನ್ನು ಕಡ್ಡಿಯಿಂದ ಮೆಲ್ಲನೆ ಒತ್ತಿದರೆ ನಿಂತಿದ್ದ ನೀರು ಹೋಗಿ ಬಣ್ಣದ ದ್ರವವು ಹೊರಬರುವುದು. ಯಂತ್ರಗಳ ವಿಷಯದಲ್ಲಿ ಆಯಾ ಕೈಪಿಡಿಯು ಹೇಳಿದ ಕ್ರಮವನ್ನೇ ಹಿಡಿಯುವುದು ಯುಕ್ತ.

ಕಡೆಯದಾಗಿ ಪ್ರತಿಯೊಂದು ಬಚ್ಚಲ ರಂಧ್ರಕ್ಕೂ ಒಂದೊಂದು ಬಟ್ಟಲು ದ್ರವವನ್ನು ಸುರಿದರೆ ಕೆಳಗಿನ ಬಾಗುಕೊಳವೆಯು ಸುರಕ್ಷಿತವಾಗುವುದು. ಹೊಲಸಿನ ಎರಡು ತೊಟ್ಟಿಗಳಿಗೂ ಸ್ವಲ್ಪ ಸುರಿದರೆ ತಳದ ಉಳಿಕೆ ನೀರೂ ವಾಲ್ವುಗಳ ರಬ್ಬರೂ ಕಾಪಾಡಲ್ಪಡುವುವು. ಪಂಪಿನ ಸ್ವಿಚ್ಚನ್ನು ನಿಲ್ಲಿಸಿ, ಒಂದು ನಲ್ಲಿಯನ್ನು ತೆರೆದು ಒತ್ತಡವನ್ನು ಬಿಟ್ಟರೆ ಕೆಲಸ ಮುಗಿಯಿತು. ಇಬ್ಬರು ಸೇರಿದರೆ ಅರ್ಧ ದಿನಕ್ಕಿಂತ ಹೆಚ್ಚು ಹಿಡಿಯದು.

ವಸಂತದಲ್ಲಿ ಇದರ ಪ್ರತಿಕ್ರಮ. ಶುದ್ಧ ನೀರನ್ನು ಹರಿಸಿ ಬಣ್ಣವೂ ನೊರೆಯೂ ಹೋಗುವವರೆಗೆ ಎಲ್ಲ ನಲ್ಲಿಗಳನ್ನೂ ತೊಳೆಯಬೇಕು. ಹಂಡೆಯನ್ನು ಮತ್ತೆ ಮಾರ್ಗಕ್ಕೆ ಸೇರಿಸಿ, ಅದು ತುಂಬಿದುದನ್ನು ಬಿಸಿನೀರಿನ ನಲ್ಲಿಯಲ್ಲಿ ಕಂಡ ಮೇಲೆಯೇ ಸ್ವಿಚ್ಚಿನ ಚೀಟಿಯನ್ನು ಕೀಳಬೇಕು. ಬಳಿಕ ಶುದ್ಧ ನೀರಿನ ತೊಟ್ಟಿಯ ಪ್ರತಿ ೧೫ ಗ್ಯಾಲನ್ನಿಗೆ ಕಾಲು ಕಪ್ಪಿನಂತೆ ಸುವಾಸನೆಯಿಲ್ಲದ ಬ್ಲೀಚನ್ನು ನೀರಿನಲ್ಲಿ ಕದಡಿ ಸುರಿದು, ತೊಟ್ಟಿಯನ್ನು ತುಂಬಿ, ನಲ್ಲಿಗಳಲ್ಲಿ ಅದರ ವಾಸನೆ ಬರುವವರೆಗೆ ಹರಿಸಿ, ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವ ತನಕ ತೊಳೆದರೆ ನೀರು ಬಳಕೆಗೆ ಯೋಗ್ಯವಾಗುವುದು. ಆ ಮೊದಲ ದಿನ ಪಂಪನ್ನು ಚಾಲೂ ಮಾಡಿ, ನಲ್ಲಿಗಳನ್ನೆಲ್ಲ ಮುಚ್ಚಿ, ಕಿವಿಗೊಟ್ಟು ಕೇಳಬೇಕು. ಪಂಪು ಒತ್ತಡ ತುಂಬಿದ ಮೇಲೆ ತೆಪ್ಪಗಿದ್ದರೆ ಕ್ಷೇಮ. ಯಾರೂ ನೀರು ಬಿಡದಿರುವಾಗಲೂ ಆಗಾಗ ಗುರುಗುಟ್ಟುತ್ತಿದ್ದರೆ ಎಲ್ಲಿಯೋ ಸೋರುತ್ತಿದೆಯೆಂದು ತಿಳಿದು ಕೂಡಲೇ ಹುಡುಕಬೇಕು.

ಇಷ್ಟನ್ನೂ ಓದಿದ ಮೇಲೆ, ಇದರಲ್ಲಿ ಕಠಿನವಾದ ವಿದ್ಯೆಯೇನೂ ಇಲ್ಲವೆಂದು ವಾಚಕರಿಗೆ ತೋರದಿರದು. ನಿಜ; ಬೇಕಾದುದು ಬುದ್ಧಿಗಿಂತ ಹೆಚ್ಚಾಗಿ ಕ್ರಮ. ಹತ್ತು ನಲ್ಲಿಗಳಲ್ಲಿ ಒಂಬತ್ತನ್ನು ಬರಿದುಮಾಡಿದವನಿಗೆ ಹತ್ತರಲ್ಲಿ ಒಂಬತ್ತು ಪಾಲು ಫಲ ದೊರೆಯುವುದಿಲ್ಲ. ಒಡೆಯುವುದು ಮರೆತ ಹತ್ತನೆಯದೇ, ಮತ್ತು ಅದೊಂದೇ ಗೋಡೆಯನ್ನು ನೆನೆಸಲು ಸಾಕು. ನೆನಪಿನ ಶಕ್ತಿಯನ್ನು ನಂಬಿ ಈ ಕೆಲಸ ಮಾಡಬಾರದು. ಆಯಾ ಗಾಡಿಯ ನೀರು ನಿಲ್ಲುವ ಸ್ಥಳಗಳನ್ನೆಲ್ಲ ಒಂದು ಕಾಗದದ ಮೇಲೆ ಬರೆದು, ಒಬ್ಬರು ಓದುವುದು, ಒಬ್ಬರು ಮಾಡುವುದು, ಮಾಡಿದುದರ ಮುಂದೆ ಗುರುತು ಹಾಕುವುದು, ಇದೇ ಸರಿಯಾದ ವಿಧಾನ. ಆ ಕಾಗದಕ್ಕೆ ತಾರೀಖು ಹಾಕಿ ಗಾಡಿಯ ಅಲಮಾರಿನ ಬಾಗಿಲ ಒಳಬದಿಗೆ ಅಂಟಿಸಿದರೆ ಮುಂದಿನ ವರ್ಷಕ್ಕೂ ಉಪಯೋಗಕ್ಕೆ ಬರುವುದು. ಗಾಡಿಯನ್ನು ಮಾರಿದರೆ ಕೊಂಡವನಿಗೂ ಉಪಕಾರವಾಗುವುದು.

ಓದುವ ಕೆಲಸಕ್ಕೆ ಬಲವೂ ಬೇಡ, ಚಳಿಯಲ್ಲಿ ಗಾಡಿಯ ಕೆಳಗೆ ತೆವಳುವುದೂ ಬೇಡ, ಕನ್ನಡಕವೊಂದಿದ್ದರೆ ಸಾಕು. ಶರತ್ಕಾಲದಲ್ಲಿ ಮಕ್ಕಳ ಮನೆಗೆ ಹೋಗಿರುವ ಹಿರಿಯರು ಇದನ್ನು ಸಂತೋಷವಾಗಿ ವಹಿಸಿಕೊಳ್ಳಬಹುದು. ಊರಿನಲ್ಲಿಯೇ ಇರುವವರು, ವಿಜಯದಶಮಿಯ ಆಶೀರ್ವಾದವನ್ನು ಟೆಲಿಫೋನಿನಲ್ಲಿ ಹೇಳುವಾಗ, ‘ಹೊರಗಿನ ನಲ್ಲಿಯ ನೀರು ತೆಗೆದಾಯಿತೇನಪ್ಪ?’ ಎಂದು ಒಂದು ಮಾತು ಕೇಳಿದರೆ ಅದೂ ಉಪಕಾರವೇ.